ಬೆಂಡು ನೋಡುವ ವಿದ್ಯೆ

ನಮ್ಮ ಮಂಡ್ಯದ ಸೀಮೆಯಲ್ಲಿ ಒಬ್ಬನನ್ನು ನಿಷ್ಪ್ರಯೋಜಕನೆಂದು ತೀರ್ಮಾನಿಸಲು ಹೆಚ್ಚು ಸಾಕ್ಷ್ಯ ಬೇಕಾಗುವುದಿಲ್ಲ. ‘ನಾಲೆ ಏರಿ ಮೇಲೆ ಗಾಳ ಹಾಕ್ಕೊಂಡು ಕೂತಿರ್ತಾನೆ’ ಎಂದುಬಿಟ್ಟರೆ ಮುಗಿಯಿತು. ಹೆಣ್ಣು ಕೊಡಲು ಬಂದವರೂ ಸಾಲ ಕೊಡಲು ಬಂದವರೂ ಅಲ್ಲಿಂದಲೇ ಹಿಂದಿರುಗುತ್ತಾರೆ. ಇದೇ ಗಾಳಕ್ಕೆ ಮಾತಿನಲ್ಲಿ ಇನ್ನೊಂದು ಅಪಕೀರ್ತಿಯೂ ಅಂಟಿದೆ. ಎದುರು ಪಕ್ಷದವರನ್ನು ಸೆಳೆಯುವ ರಾಜಕಾರಣಿಯೂ, ಪರರ ಸ್ವತ್ತಿಗೆ ಹೊಂಚುವ ದಾಯಾದಿಯೂ ‘ಗಾಳ ಹಾಕುತ್ತಿದ್ದಾನೆ’ ಎನಿಸಿಕೊಳ್ಳುತ್ತಾರೆ. ಒಂದೇ ಬಿದಿರುಕೋಲು ಸೋಮಾರಿಗೂ ಸಂಚುಗಾರನಿಗೂ ಏಕಕಾಲದಲ್ಲಿ ಲಾಂಛನವಾದದ್ದು ಹೇಗೆಂಬುದನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಬಾಲ್ಯದಿಂದ ಬಿಟ್ಟು ಬಿಟ್ಟು ಗಾಳ ಹಿಡಿದುಕೊಂಡೇ ಬಂದವನು ನಾನು. ಅದರಲ್ಲಿ ಮೂವತ್ತಮೂರು ವರ್ಷ ಕನ್ನಡದ ಅಧ್ಯಾಪಕನಾಗಿದ್ದುಕೊಂಡು, ವಿದ್ಯಾರ್ಥಿಗಳ ಕಣ್ಣಿಗೆ ಬೀಳದಂತೆ, ಊರಿನಿಂದ ಎರಡು ಮೈಲಿ ದೂರದ ತೂಬಿನ ಬಳಿ ಕುಳಿತವನು. ಈಗ ನಿವೃತ್ತನಾಗಿದ್ದೇನೆ, ಇನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಗಾಳದವರ ಪರವಾಗಿ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ. ನಾಲೆಯ ಮೀನುಗಳು ಒಂದೊಂದಾಗಿ ಸದ್ದಿಲ್ಲದೆ ಹೋಗುತ್ತಿವೆ. ಹೋದದ್ದನ್ನು ಬಲ್ಲವರು ಈ ನಿಷ್ಪ್ರಯೋಜಕರು ಮಾತ್ರ. ಅವರನ್ನು ಕೇಳಿದವರಿಲ್ಲ ಎಂಬುದೇ ನನ್ನ ದೂರು.

ನಾನು ಹೇಳುತ್ತಿರುವುದು ವಿಶ್ವೇಶ್ವರಯ್ಯ ನಾಲೆಯ ವಿಷಯ. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಟು, ಹುಲಿಕೆರೆಯ ಬಳಿ ಗುಡ್ಡದ ಹೊಟ್ಟೆಯೊಳಗಿನ ಸುರಂಗದಲ್ಲಿ ನುಸುಳಿ, ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರುಣಿಸುವ ಈ ನಾಲೆಯನ್ನು ನಮ್ಮ ಹಿರಿಯರು ಬಹುಕಾಲ ‘ಇರ್ವಿನ್ ನಾಲೆ’ ಎಂದೇ ಕರೆಯುತ್ತಿದ್ದರು. ಶ್ರೀರಂಗಪಟ್ಟಣದ ಸುತ್ತಮುತ್ತ ಇದಕ್ಕಿಂತ ಎಷ್ಟೋ ಹಳೆಯ ಕಾಲುವೆಗಳುಂಟು. ಚಿಕ್ಕದೇವರಾಜ ಒಡೆಯರ ಹೆಸರಿನದು ಹದಿನೇಳನೆಯ ಶತಮಾನದ್ದು. ಎಂಜಿನಿಯರುಗಳು ಇವನ್ನೆಲ್ಲ ಭತ್ತಕ್ಕೂ ಕಬ್ಬಿಗೂ ಎಂದು ತೋಡಿಸಿದರು. ಮೀನುಗಳನ್ನು ಯಾರೂ ಕರೆಯಲಿಲ್ಲ; ಅವೇ ಬಂದವು. ಕಾವೇರಿಯ ನೀರು ಬಂದಲ್ಲಿಗೆಲ್ಲ ಕಾವೇರಿಯ ಸಂತಾನವೂ ಬಂದು, ತೂಬಿನ ಕೆಳಗಿನ ಗುಂಡಿಗಳಲ್ಲಿ, ಏರಿಯ ಬೇರುಗಳ ಸಂದಿನಲ್ಲಿ, ಉಪನಾಲೆಗಳ ಜೊಂಡಿನಲ್ಲಿ, ಕೊನೆಗೆ ಗದ್ದೆಯ ಮೊಣಕಾಲುದ್ದದ ನೀರಿನಲ್ಲಿಯೂ ಸಂಸಾರ ಹೂಡಿತು.

ನನಗೆ ಈ ವಿದ್ಯೆಯನ್ನು ಹೇಳಿಕೊಟ್ಟವರು ಬೆಸ್ತರ ಕೇರಿಯ ಒಬ್ಬ ತಾತ. ಬೀಸುಬಲೆ ಎಸೆಯುವ ತ್ರಾಣ ತೋಳಿನಿಂದ ಹೋದ ಮೇಲೆ ಅವರು ಗಾಳಕ್ಕೆ ಇಳಿದಿದ್ದರು. ‘ಇಳಿದಿದ್ದರು’ ಎಂಬುದು ಅವರದೇ ಮಾತು. ಬಲೆಯವರಿಗೆ ಗಾಳದವರನ್ನು ಕಂಡರೆ ಕೊಂಚ ತಾತ್ಸಾರ. ಅವರ ಸಾಮಗ್ರಿಯೆಲ್ಲ ಒಂದು ಮೊರದಲ್ಲಿ ಹಿಡಿಯುವಷ್ಟು: ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದ ಬಿದಿರುಕೋಲು, ಸಂತೆಯಲ್ಲಿ ಕೊಂಡ ತಂಗೂಸಿ ದಾರ, ಕಡಲೆಯಷ್ಟು ಸೀಸ, ಒಂದು ಕರಟದ ತುಂಬ ಎರೆಹುಳು, ಮತ್ತು ಬೆಂಡಿಗೆ ನವಿಲುಗರಿಯ ದಂಟು. ಇಂಗ್ಲೆಂಡಿನ ಕಾಲುವೆಗಳ ಮೇಲೆ ಕುಳಿತುಕೊಳ್ಳುವವರೂ ಇದೇ ನವಿಲುಗರಿಯ ದಂಟನ್ನು ಬೆಂಡಾಗಿ ಬಳಸುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ಓದಿ ನಾನು ಬೆರಗಾದದ್ದುಂಟು. ತಾತ ಅದನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ. ಹಗುರ, ನೇರ, ನೀರು ಕುಡಿಯದು, ಬೇರೇನು ಬಳಸುತ್ತಾರೆ ಎನ್ನುತ್ತಿದ್ದರು.

ಕಣ್ಣಿಗೆ ಕಾಣದ ಮೀನನ್ನು ಕಣ್ಣಿಗೆ ಕಾಣುವ ಬೆಂಡಿನಿಂದ ಓದುವುದು ಈ ವಿದ್ಯೆಯ ತಿರುಳು. ಬೆಂಡು ನಿಂತಲ್ಲಿಯೇ ನಡುಗಿ, ತುಸು ತಡೆದು, ಮತ್ತೆ ನಡುಗಿದರೆ ಪಕ್ಕೆಯ ಮರಿಗಳು ಹುಳುವಿನ ತುದಿಯನ್ನು ಕಚ್ಚುತ್ತಿವೆ. ಕೈ ಕಟ್ಟಿ ಕೂರಬೇಕು. ನಡುಗಿದ ಬೆಂಡು ನೀರಿನ ಮೇಲೆ ಅಡ್ಡಲಾಗಿ ಮಲಗಿತೆಂದರೆ ತಳದಲ್ಲಿದ್ದ ಗೆಂಡೆ ಹುಳುವನ್ನು ಬಾಯಲ್ಲಿಟ್ಟುಕೊಂಡು ತಲೆಯೆತ್ತಿದೆ, ಈಗ ಹೊಡೆಯಬೇಕು. ಮುನ್ಸೂಚನೆಯೇ ಇಲ್ಲದೆ ಬೆಂಡು ನೆಟ್ಟಗೆ ಕೆಳಗಿಳಿದು ಮಾಯವಾದರೆ ಗಿರ್ಲು. ಅದಕ್ಕೆ ಸಂಕೋಚವೆಂಬುದಿಲ್ಲ, ನುಂಗಿಬಿಟ್ಟಿರುತ್ತದೆ. ಬೆಂಡು ಮುಳುಗದೆ, ಏಳದೆ, ಸಂತೆಗೆ ಹೊರಟ ಮುದುಕಿಯಂತೆ ನಿಧಾನವಾಗಿ ಪಕ್ಕಕ್ಕೆ ಸರಿಯತೊಡಗಿತೋ, ಅದು ಮೀನೇ ಅಲ್ಲ. ‘ಏಡಿ ಕಣ್ಲಾ, ಸುಮ್ಕೆ ಎತ್ತು’ ಎನ್ನುತ್ತಿದ್ದರು ತಾತ. ನಾನು ಆತುರಪಟ್ಟಾಗಲೆಲ್ಲ ‘ಎಳೀಬ್ಯಾಡ ಕಣ್ಮಗ, ಇನ್ನೂ ಮೂಸ್ತಾ ಅದೆ’ ಎಂಬ ಒಂದೇ ಉಪದೇಶ. ಮುಂದೆ ಹಳಗನ್ನಡದ ಪದ್ಯಗಳಿಗೆ ಅರ್ಥ ಹೇಳುವಾಗ, ಅನ್ವಯ ಸಿಕ್ಕುವ ಮೊದಲೇ ಎಳೆಯಲು ಹೊರಡುತ್ತಿದ್ದ ವಿದ್ಯಾರ್ಥಿಗಳನ್ನು ಕಂಡು ಈ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತದ್ದು ಎಷ್ಟು ಸಲವೋ.

ತಾತನಿಗೆ ಶಾಸ್ತ್ರವಿತ್ತು. ಗಿರ್ಲನ್ನು ಗಾಳದಿಂದ ಬಿಡಿಸುವಾಗ ಕೆನ್ನೆಯ ಎರಡು ಮುಳ್ಳುಗಳ ಹಿಂದೆ ಬೆರಳಿಟ್ಟು ಹಿಡಿಯಬೇಕು. ತಪ್ಪಿದರೆ ಸಂಜೆಯವರೆಗೂ ಕೈ ಉರಿಯುತ್ತದೆ. ಜೊಂಡಿನ ಬಳಿ ನೀರಿನ ಮೇಲ್ಮೈಯಲ್ಲಿ ಕೆಂಪಗೆ ಕುಂಕುಮ ಕದಡಿದಂತೆ ಮರಿಗಳ ಗುಂಪೊಂದು ಕುದಿಯುತ್ತಿದ್ದರೆ ಅದರ ಕೆಳಗೆ ಕೊರವ ಕಾವಲಿರುತ್ತದೆ. ಸಿಟ್ಟಿನಿಂದ ಏನನ್ನಾದರೂ ಕಚ್ಚುವ ಆ ಸ್ಥಿತಿಯಲ್ಲಿ ಅದನ್ನು ಹಿಡಿಯುವುದು ಬಹಳ ಸುಲಭ. ಆದರೆ ತಾತ ಹಿಡಿಯುತ್ತಿರಲಿಲ್ಲ, ಹಿಡಿಯಗೊಡುತ್ತಲೂ ಇರಲಿಲ್ಲ. ತಾಯಿ ಹೋದರೆ ಅರ್ಧ ಗಳಿಗೆಯಲ್ಲಿ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ, ಮುಂದಿನ ವರ್ಷ ನಿನ್ನ ಗಾಳಕ್ಕೆ ಏನು ಕಚ್ಚುತ್ತದೆ ಎಂಬುದು ಅವರ ಪ್ರಶ್ನೆ. (ಕಾವಲಿಗಿರುವುದು ಹೆಚ್ಚಾಗಿ ತಂದೆ ಎಂದು ನಾನು ಪುಸ್ತಕದಿಂದ ಕಲಿತೆ, ವಾದ ಅದರಿಂದ ಬದಲಾಗುವುದಿಲ್ಲ.) ಸೋಮವಾರದ ಬೆಳಗ್ಗೆ ನನ್ನ ಕೈಯನ್ನು ಮೂಸಿ ನೋಡಿ, ‘ನಾಲೆ ಕಾಯುವವನಿಗೆ ವ್ಯಾಕರಣವೇಕೆ’ ಎಂದು ಅಂಗೈಗೆ ಆರು ಏಟು ಕೊಟ್ಟ ಮೇಷ್ಟರಿಗೆ ಇಂಥದೊಂದು ಪಾಠಶಾಲೆ ಎರಡು ಫರ್ಲಾಂಗು ದೂರದಲ್ಲಿ ನಡೆಯುತ್ತಿದೆಯೆಂದು ತಿಳಿದಿರಲಿಲ್ಲ.

ಇಂಗ್ಲಿಷರು ತಮ್ಮ ಸಿಹಿನೀರಿನ ಮೀನುಗಳಿಗೂ ಜಾತಿ ಕಟ್ಟಿದರು. ಸಾಲ್ಮನ್, ಟ್ರೌಟ್ ಮೊದಲಾದವು ಕುಲೀನ, ಅವು ‘ಗೇಮ್’. ರೋಚ್, ಬ್ರೀಮ್, ಟೆಂಚ್, ಪರ್ಚ್, ಪೈಕ್ ಮುಂತಾದ ಉಳಿದವೆಲ್ಲ ‘ಕೋರ್ಸ್’, ಎಂದರೆ ಒರಟು, ಸಾಮಾನ್ಯ. ಕುಲೀನ ಮೀನಿರುವ ಹೊಳೆಯ ದಡ ಜಮೀನ್ದಾರರದು; ಸಾಮಾನ್ಯ ಮೀನಿರುವ ಕಾಲುವೆಯ ದಡ ಗಿರಣಿಯ, ಗಣಿಯ ಕೂಲಿಗಾರರದು. ಸ್ವಾರಸ್ಯವೇನೆಂದರೆ, ಆ ಕೂಲಿಗಾರರು ತಮಗೆ ಬಿಟ್ಟ ಒರಟು ಮೀನುಗಳನ್ನು ಒರಟಾಗಿ ಕಾಣಲಿಲ್ಲ. ಸಂಘಗಳನ್ನು ಕಟ್ಟಿಕೊಂಡರು, ದಿನವೆಲ್ಲ ಹಿಡಿದದ್ದನ್ನು ನೀರೊಳಗಿನ ಬಲೆಚೀಲದಲ್ಲಿ ಜೀವಂತವಾಗಿಟ್ಟು, ಸಂಜೆ ತೂಗಿ, ಬರೆದುಕೊಂಡು, ಮತ್ತೆ ನೀರಿಗೇ ಬಿಡುವ ಪದ್ಧತಿಯನ್ನು ಬೆಳೆಸಿದರು. ಮೊಟ್ಟೆಯಿಡುವ ಕಾಲದಲ್ಲಿ ಅವುಗಳ ತಂಟೆಗೆ ಹೋಗದಿರುವಂತೆ 1878ರಲ್ಲಿ ಕಾನೂನೇ ಆಯಿತು. ಇಂದಿಗೂ ಅಲ್ಲಿಯ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಸಾಮಾನ್ಯ ಮೀನುಗಳಿಗೆ ಗಾಳವಿಲ್ಲ. ಬೆಸ್ತರ ತಾತ ಕೊರವದ ವಿಷಯದಲ್ಲಿ ಮಾಡಿದ ಕಾನೂನೂ ಇದೇ.

ಆದರೆ ಅದೇ ಇಂಗ್ಲಿಷರು ಇಲ್ಲಿಗೆ ಬರುವಾಗ ತಂದದ್ದು ಜಮೀನ್ದಾರರ ಕಣ್ಣನ್ನು, ಕೂಲಿಗಾರರ ನೋಟ್‌ಬುಕ್ಕನ್ನಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ ಹಲವು ಮೀನುಗಳಿಗೆ ಜಾಗವಿದ್ದರೂ ಪಟ್ಟದ ಮೀನು ಮಹಶೀರ್ ಒಂದೇ. ನಮ್ಮ ಕಾವೇರಿಯ ದಡದವರು ‘ಬಿಳಿ ಮೀನು’ ಎನ್ನುವುದು ಇದನ್ನೇ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳದಲ್ಲಿ ಹಿಡಿದು ಜಗತ್ತಿನ ದಾಖಲೆ ಮಾಡಿದರು. ಇಂಥ ರಾಜಮೀನಿಗೂ ಎರೆಯಾಗಿ ಕಟ್ಟುತ್ತಿದ್ದುದು ನಮ್ಮ ರಾಗಿಹಿಟ್ಟಿನ ಮುದ್ದೆಯನ್ನೇ ಎಂಬುದು ಮಂಡ್ಯದವನಾದ ನನಗೆ ಸ್ವಲ್ಪ ಹೆಮ್ಮೆಯ ವಿಷಯ.

ಗಾಳವೆಂದರೆ ಸಾಹೇಬರಿಂದ ಕಲಿತ ಚಾಳಿ ಎನ್ನುವವರಿಗೆ ಇಲ್ಲಿಯೇ ಒಂದು ಉತ್ತರ ಹೇಳಿ ಮುಂದುವರಿಯುತ್ತೇನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ ಅದನ್ನು ಕುರಿತು 1951ರಲ್ಲಿ ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಕಡಲಿನವು ಯಾವುವು, ನದಿಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಆಹಾರ ಪ್ರಿಯ ಎಂದು ದೊರೆ ವಿಂಗಡಿಸಿ ಹೇಳುತ್ತಾನೆ. ಗಾಳದ ಗ್ರಂಥಗಳಲ್ಲಿ ಇಂಗ್ಲಿಷರು ತಲೆಯ ಮೇಲಿಟ್ಟುಕೊಳ್ಳುವ ಐಸಾಕ್ ವಾಲ್ಟನ್ನನ ಪುಸ್ತಕ ಹೊರಬಂದದ್ದು 1653ರಲ್ಲಿ. ನಮ್ಮ ದೊರೆ ಅವನಿಗಿಂತ ಐದು ಶತಮಾನ ಮುಂಚಿನವನು. ನನಗೆ ಮುಖ್ಯವಾಗಿ ಕಾಣುವುದು ಈ ಪ್ರಾಚೀನತೆಯಲ್ಲ. ರಾಜನಾದವನಿಗೆ ಮೀನಿನ ಹೆಸರು ತಿಳಿದಿರುವುದು ಅವಮಾನವೆನಿಸಿರಲಿಲ್ಲ. ಸಣ್ಣ ಮೀನಿಗೂ ಒಂದು ಸಾಲು ಕೊಡಬೇಕೆಂದು ತೋರಿತ್ತು. ಈಚೆಗೆ ಕನ್ನಡದಲ್ಲಿ ಆ ಗೌರವವನ್ನು ಮತ್ತೆ ಸಲ್ಲಿಸಿದವರೆಂದರೆ ಗಾಳ ಹಿಡಿದು ಹೊಳೆಯ ದಡದಲ್ಲಿ ಕೂರುವುದನ್ನು ಮುಚ್ಚಿಡದೆ ಬರೆದುಕೊಂಡ ಪೂರ್ಣಚಂದ್ರ ತೇಜಸ್ವಿಯವರು. ನನಗಿಲ್ಲದ ಧೈರ್ಯ ಅವರಿಗಿತ್ತು.

ಈಗ ಆ ಬಿಳಿ ಮೀನಿನ ಮಾತಿಗೆ ಮರಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಅದರ ಬೆನ್ನಿನ ಮೇಲೆ ನಿಂತಿದೆ. ಕಾವೇರಿಯ ಕೆಳದಂಡೆಯಲ್ಲಿ, ಭೀಮೇಶ್ವರಿ, ಗಾಳಿಬೋರೆಗಳ ಕಾಡಿನ ನಡುವೆ, ಹಿಡಿದು ಬಿಡುವ ಗಾಳದವರಿಗಾಗಿ ಶಿಬಿರಗಳಿದ್ದುವು. ದೂರದೇಶಗಳಿಂದ ಜನ ಬಂದು, ದುಡ್ಡು ತೆತ್ತು, ಮೀನು ಹಿಡಿದು, ತೂಗಿ, ಬಿಟ್ಟು ಹೋಗುತ್ತಿದ್ದರು. ಶಿಬಿರದ ಪುಸ್ತಕದಲ್ಲಿ ದಿನ, ಹೊತ್ತು, ತೂಕ, ಬಣ್ಣ ಬರೆದಿಡಲಾಗುತ್ತಿತ್ತು. ವನ್ಯಜೀವಿ ಕಾಯ್ದೆಯ ಅನ್ವಯ ಅಭಯಾರಣ್ಯದಲ್ಲಿ ಗಾಳ ಕೂಡದೆಂದಾಗಿ 2012ರ ವೇಳೆಗೆ ಅದೆಲ್ಲ ನಿಂತಿತು. ಶಿಬಿರ ಮುಚ್ಚಿದ್ದಕ್ಕಾಗಿ ನಾನು ಕಣ್ಣೀರು ಹಾಕುವವನಲ್ಲ. ಅಲ್ಲಿಯ ಒಂದು ದಿನದ ಬಾಡಿಗೆ ನನ್ನ ಅಂದಿನ ಸಂಬಳಕ್ಕೆ ನಿಲುಕುತ್ತಿರಲಿಲ್ಲ. ಆದರೆ ಆಮೇಲೆ ನಡೆದದ್ದನ್ನು ಗಮನಿಸಬೇಕು. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮಹಶೀರ್‌ಗಳ ಆ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿದಾಗ, ಒಟ್ಟು ಮೀನು ಹೆಚ್ಚುತ್ತಲೇ ಬಂದಿದ್ದರೂ ಕಾವೇರಿಗೇ ಸೇರಿದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಗೂನುಬೆನ್ನಿನ ಮಹಶೀರ್ ಬಹುಮಟ್ಟಿಗೆ ಕಾಣೆಯಾಗಿತ್ತು. ಅದರ ಜಾಗದಲ್ಲಿ ತುಂಬಿಕೊಂಡದ್ದು ನೀಲಿ ರೆಕ್ಕೆಯ ಇನ್ನೊಂದು; ಒಳ್ಳೆಯ ಮನಸ್ಸಿನಿಂದಲೇ ಮೊಟ್ಟೆಕೇಂದ್ರಗಳಲ್ಲಿ ಬೆಳೆಸಿ ತಂದು ಬಿಟ್ಟದ್ದು, ಕೃಷ್ಣೆಯ ಕಡೆಯದು. ಗೂನುಬೆನ್ನಿನದಕ್ಕೆ ‘ಟಾರ್ ರೇಮಾದೇವಿ’ ಎಂಬ ಶಾಸ್ತ್ರೀಯ ನಾಮ ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಜಗತ್ತಿನ ಅತ್ಯಂತ ಗಂಡಾಂತರದ ಪ್ರಾಣಿಗಳ ಪಟ್ಟಿಗೆ ಸೇರಿತು. ನಾಮಕರಣವೂ ಅಂತ್ಯಕ್ರಿಯೆಯ ಸಿದ್ಧತೆಯೂ ಒಂದೇ ಸಂವತ್ಸರದಲ್ಲಿ.

ಬೇಟೆಯ ಮೋಜಿಗೆ ಬಂದವರು ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಈ ಮೀನು ಹೋದದ್ದೇ ತಿಳಿಯುತ್ತಿರಲಿಲ್ಲ. ‘ಮಹಶೀರ್ ಬೇಕಾದಷ್ಟಿದೆ’ ಎಂದು ಎಲ್ಲರೂ ಸಂತೋಷವಾಗಿರುತ್ತಿದ್ದರು. ಹಾಗಾದರೆ ನೋಟ್‌ಬುಕ್ಕೇ ಇಲ್ಲದ ನಾಲೆಯ ಮೀನುಗಳ ಗತಿಯೇನು?

ನನ್ನ ಬಾಲ್ಯದ ಕರಟದ ಎರೆಹುಳುವಿಗೆ ಒಂದು ಬೆಳಗಿನಲ್ಲಿ ಏಳೆಂಟು ಬಗೆಯ ಮೀನು ಬರುತ್ತಿದ್ದುವು. ಪಕ್ಕೆ, ಗೆಂಡೆ, ಗಿರ್ಲು, ಕೊರವ, ಹಾವುಮೀನು. ಒಮ್ಮೊಮ್ಮೆ ದಾರವನ್ನೇ ಕಡಿದುಕೊಂಡು ಹೋಗುವ ಬಾಳೆಮೀನು. ಗದ್ದೆಯ ಮಡೆಯಲ್ಲಿ ಕೂಳಿಯಿಟ್ಟರೆ ಹಿಡಿಗಟ್ಟಲೆ ಸಾಸಲು. ಈಗ ಅದೇ ತೂಬಿನ ಬಳಿ ಬರುವುದರಲ್ಲಿ ಬಹುಪಾಲು ಜಿಲೇಬಿ. ತಿಂಡಿಯ ಹೆಸರು ಹೊತ್ತ ಈ ಮೀನು ಆಫ್ರಿಕದ್ದು. ಭಾರತಕ್ಕೆ ತಂದದ್ದು 1952ರಲ್ಲಿ. ತನ್ನ ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಕಾಪಾಡುವ ಜಾಣೆ ಅದು. ಕೆಟ್ಟ ನೀರಿಗೂ ಹೆದರದು. ಅದನ್ನು ದ್ವೇಷಿಸಿ ಫಲವಿಲ್ಲ, ಬಡವನ ಸಾರಿಗೆ ಒದಗುತ್ತದೆ. ಇದರ ಮೇಲೆ ಗದ್ದೆಗೆ ಎರಚಿದ ಔಷಧಗಳೆಲ್ಲ ಹರಿದು ಉಪನಾಲೆಗೆ ಬಂದುವು. ಈಚಿನ ವರ್ಷಗಳಲ್ಲಿ ನಾಲೆಯ ಆಧುನೀಕರಣವೂ ಆಗಿ, ಮಣ್ಣಿನ ದಡವಿದ್ದಲ್ಲಿ ಕಾಂಕ್ರೀಟು ಬಂತು. ಕೊನೆಯ ಹಳ್ಳಿಯ ಗದ್ದೆಗೆ ನೀರು ಮುಟ್ಟಬೇಕೆಂಬ ರೈತನ ನ್ಯಾಯವಾದ ಹಟದ ಎದುರು ನಾನು ಕೊರವದ ಪರವಾಗಿ ವಕಾಲತ್ತು ಹಾಕಲಾರೆ. ನಾನೂ ರೈತನ ಮಗನೇ. ಆದರೂ ಬೇರಿಲ್ಲದ, ಜೊಂಡಿಲ್ಲದ, ಗುಂಡಿಯಿಲ್ಲದ ನುಣುಪಾದ ಗೋಡೆಗಳ ನಡುವೆ ಮೀನು ನಿಲ್ಲುವುದಾದರೂ ಎಲ್ಲಿ?

ಇದಕ್ಕೆಲ್ಲ ನಾನು ಸಾಕ್ಷಿ. ಆದರೆ ಎಂಥ ಸಾಕ್ಷಿ! ಬಾಳೆಮೀನನ್ನು ನಾಲೆಯಲ್ಲಿ ಕೊನೆಯ ಸಲ ನಾನು ಕಂಡದ್ದು ಯಾವ ವರ್ಷ? ಮಗಳ ಮದುವೆಗೆ ಮುಂಚೆಯೋ, ಆಮೇಲೋ? ಮೂವತ್ತಮೂರು ವರ್ಷ ಒಂದು ದಿನವೂ ತಪ್ಪದೆ ಮಕ್ಕಳ ಹಾಜರಿ ಹಾಕಿದ ನಾನು ಮೀನಿನ ಹಾಜರಿಯನ್ನು ಒಂದು ದಿನವೂ ಹಾಕಲಿಲ್ಲ. ನಾಚಿಕೆಯಿಂದ ಗಾಳವನ್ನು ಮುಚ್ಚಿಟ್ಟವನು ಗಾಳ ಹೇಳಿದ್ದನ್ನೂ ಮುಚ್ಚಿಟ್ಟೆ. ಮೇಷ್ಟರ ಆರು ಏಟಿನ ನಿಜವಾದ ನಷ್ಟ ಇದು.

ಅಹಿಂಸಾವಾದಿಗಳಾದ ಮಿತ್ರರು ಕೇಳಬಹುದು: ಪ್ರಾಣಿಯ ಬಾಯಿಗೆ ಕೊಕ್ಕೆ ಚುಚ್ಚುವುದನ್ನು ವಿದ್ಯೆಯೆಂದು ಹೊಗಳುವುದು ಒಪ್ಪತಕ್ಕದ್ದೆ? ಅವರಿಗೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಕೊಕ್ಕೆ ನೋಯಿಸುತ್ತದೆ, ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಹಿಡಿದದ್ದನ್ನು ತಿನ್ನುವುದಕ್ಕಿಂತ ಹಿಡಿದು ಬಿಡುವುದು ಹೆಚ್ಚು ಧರ್ಮವೋ ಕಡಿಮೆ ಧರ್ಮವೋ ಎಂಬುದರಲ್ಲಿಯೂ ನನಗೆ ಸಂದೇಹವುಂಟು. ನನ್ನ ತಾತನಿಗಂತೂ, ತಿನ್ನದ ಮೀನನ್ನು ನೋಯಿಸುವುದು ಹುಚ್ಚಾಗಿ ಕಾಣುತ್ತಿತ್ತು. ಆದರೆ ನದಿಯನ್ನು ಕೊಲ್ಲುತ್ತಿರುವುದು ಒಂದು ಕೋಲು, ಒಂದು ಕೊಕ್ಕೆಯವನಲ್ಲ. ಸಿಡಿಮದ್ದು ಎಸೆಯುವವನಿದ್ದಾನೆ, ಬ್ಲೀಚಿಂಗ್ ಪುಡಿ ಸುರಿಯುವವನಿದ್ದಾನೆ, ನೀರಿಗೆ ವಿದ್ಯುತ್ತಿನ ತಂತಿ ಇಳಿಸುವವನಿದ್ದಾನೆ. ಸಿಡಿಮದ್ದಿಗೂ ವಿಷಕ್ಕೂ 1897ರ ಕಾನೂನಿನಲ್ಲಿಯೇ ಶಿಕ್ಷೆಯುಂಟು. 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ, ಭಕ್ತರು ಅಕ್ಕಿ ಹಾಕಿ ಸಾಕಿದ ದೇವರ ಮೀನುಗಳಿಗೇ ವಿಷವಿಕ್ಕಿದಾಗ ಸಾವಿರಾರು ಸತ್ತು ತೇಲಿದುವು. ಅಲ್ಲಿ ಅವುಗಳ ನೆನಪಿಗೆ ಸ್ಮಾರಕವೂ ಇದೆ. ಇಂಥ ಕೃತ್ಯ ನಡೆಯುವ ನಿರ್ಜನವಾದ ಜಾಗದಲ್ಲಿ ಇಡೀ ದಿನ ಸುಮ್ಮನೆ ಕುಳಿತು, ನೀರಿನ ಬಣ್ಣ ಬದಲಾದರೆ ಮೊದಲು ಅರಿಯುವವನು ಗಾಳದವನೊಬ್ಬನೇ. ಅವನನ್ನು ಸೋಮಾರಿಯೆಂದು ಏರಿಯಿಂದ ಎಬ್ಬಿಸಿ ಕಳಿಸಿದರೆ ಅಲ್ಲಿ ಉಳಿಯುವವರು ಯಾರೆಂದು ಯೋಚಿಸಬೇಕು.

ವಿಶ್ವವಿದ್ಯಾನಿಲಯಗಳಿಂದ ಆಗೀಗ ಸಂಶೋಧಕರು ಬಂದು ಮೀನುಗಳ ಪಟ್ಟಿ ಮಾಡಿಕೊಂಡು ಹೋಗುತ್ತಾರೆ, ಒಳ್ಳೆಯ ಕೆಲಸ. ಆದರೆ ವಾರ ವಾರವೂ ಅದೇ ತೂಬಿನ ಕೆಳಗೆ ಕುಳಿತವನ ಲೆಕ್ಕದ ಬೆಲೆ ಬೇರೆ. ನಮ್ಮ ನಾಲೆಯ ಬಯಲಿನ ಶಾಲೆಗಳಲ್ಲಿ ಮಕ್ಕಳು ಸ್ಪಂಜಿನ, ಜೆಲ್ಲಿಮೀನಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ. ಶಾಲೆಯ ಹಿಂದೆಯೇ ಹರಿಯುವ ನೀರಿನಲ್ಲಿರುವ ಐದು ಮೀನುಗಳ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ: ಒಂದು ನಲವತ್ತು ಪುಟದ ಪುಸ್ತಕ ಕೊಂಡು, ಏರಿಯ ಮೇಲಿನ ಗಾಳದವರ ಪಕ್ಕದಲ್ಲಿ ತಿಂಗಳಿಗೊಮ್ಮೆ ಇಬ್ಬರು ಹುಡುಗರನ್ನು ಕೂರಿಸಿ. ಅವರು ಹೇಳಿದ ಹೆಸರನ್ನು ಅವರು ಹೇಳಿದಂತೆಯೇ ಬರೆಸಿ; ಲ್ಯಾಟಿನ್ ಹೆಸರು ನಿಧಾನವಾಗಿ ಬಂದೀತು. ಹಳಗನ್ನಡದ ಒಂದು ಶಬ್ದ ಲುಪ್ತವಾದರೆ ನಿಘಂಟಿನಲ್ಲಾದರೂ ಸಿಕ್ಕೀತು. ‘ಸಾಸಲು’ ಎಂಬ ಮಾತು ಹೋದರೆ ಅದರ ಬೆನ್ನಿಗೇ ಮೀನೂ ಹೋಗುತ್ತದೆ, ಏಕೆಂದರೆ ಇಲ್ಲವೆಂದು ಹೇಳುವುದಕ್ಕೂ ಹೆಸರು ಬೇಕು.

ಕಳೆದ ಆಶ್ವಯುಜದ ಒಂದು ಮಧ್ಯಾಹ್ನ ನನ್ನ ಹಳೆಯ ತೂಬಿನ ಬಳಿಗೆ ಹೋಗಿದ್ದೆ. ಹನ್ನೆರಡು ವರ್ಷದ ಹುಡುಗನೊಬ್ಬ ಕೋಲು ಹಿಡಿದು ಕುಳಿತಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಬಕೇಟು. ಬಗ್ಗಿ ನೋಡಿ, ‘ಇವೇನಪ್ಪ?’ ಎಂದೆ.

‘ಜಿಲೇಬಿ ಸಾ.’

ಆರು ಜಿಲೇಬಿಗಳ ನಡುವೆ ಬೆರಳುದ್ದದ ಬೆಳ್ಳಿಯಂಥ ಮೀನೊಂದಿತ್ತು; ಬಾಲದ ಬುಡದಲ್ಲಿ ಕಾಡಿಗೆಯ ಬೊಟ್ಟು. ‘ಇದು?’

‘ಅದು ಸುಮ್ನೆ ಮೀನು ಸಾ. ಬೆಕ್ಕಿಗೆ.’

‘ಪಕ್ಕೆ ಅನ್ನು’ ಎಂದೆ. ಅವನು ಅಂದ. ನಾನು ಜೇಬಿನಿಂದ ಪುಸ್ತಕ ತೆಗೆದು ತಾರೀಖು, ತೂಬು, ನೀರಿನ ಮಟ್ಟ ಬರೆದು, ಜಿಲೇಬಿ 6, ಪಕ್ಕೆ 1 ಎಂದು ಗುರುತು ಹಾಕಿದೆ. ಹುಡುಗ ಕೋಲನ್ನು ಮೆಲ್ಲನೆ ಹಿಂದಕ್ಕೆ ಸರಿಸುತ್ತ, ‘ಕೇಸ್ ಹಾಕ್ತೀರಾ ಸಾ?’ ಎಂದು ಕೇಳಿದ.

‘ಇಲ್ಲಪ್ಪ, ಹಾಜರಿ ಹಾಕ್ತಿದ್ದೀನಿ.’

ಅವನಿಗೆ ನಂಬಿಕೆಯಾದಂತೆ ಕಾಣಲಿಲ್ಲ. ಅಷ್ಟರಲ್ಲಿ ಬೆಂಡು ಮುಳುಗದೆ, ಏಳದೆ, ನಿಧಾನವಾಗಿ ಪಕ್ಕಕ್ಕೆ ಸರಿಯತೊಡಗಿತು. ‘ಏಡಿ’ ಎಂದೆವು, ಇಬ್ಬರೂ ಒಟ್ಟಿಗೆ.